ಹತ್ತಿ ಹೀರುತ್ತಿದ್ದ ಆರ್ವಿಡ್

ಜೂನ್ ತಿಂಗಳಲ್ಲಿ ಹಿಮ ಬೀಳುವುದನ್ನು ನೋಡಬೇಕೆನ್ನುವವರು ಕಾಲ್ಮನ್ ಗ್ರೋವಿನ ಮೂರನೇ ಬೀದಿಗೆ ಬರಬೇಕಾಗಿತ್ತು. ಊರ ಸುತ್ತ ಅಮೆರಿಕದ ಅಯೋವಾ ಸೀಮೆಯ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಎದ್ದಿರುತ್ತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಆದರೂ ಆರ್ವಿಡ್ ಲಿಂಡಾಲನ ಹಿತ್ತಲಲ್ಲಿ ಬೆಳ್ಳಗೆ, ಮೆತ್ತಗೆ, ಸದ್ದಿಲ್ಲದೆ ಉದುರುತ್ತಲೇ ಇರುತ್ತಿತ್ತು. ಹಿಮವಲ್ಲ, ಹತ್ತಿ. ಹೊಳೆದಂಡೆಯಲ್ಲಿ ಬೆಳೆಯುವ ಹತ್ತಿಮರದ ಬೀಜ ರೆಕ್ಕೆ ಕಟ್ಟಿಕೊಂಡು ಹಾರುವ ಹತ್ತಿ. ಅದು ನೂಲಿಗೆ ಬಾರದು, ದಿಂಬಿಗೆ ಬಾರದು, ದೀಪದ ಬತ್ತಿಗೂ ಬಾರದು. ಬಾಗಿಲ ಸಂದಿಗೆ, ಕಾರಿನ ಮೂತಿಗೆ, ಬಾಯಿ ತೆರೆದು ನಕ್ಕವರ ಗಂಟಲಿಗೆ ಮಾತ್ರ ಕರೆಯದೆ ಬರುತ್ತಿತ್ತು.

ಇಂಥ ಹತ್ತಿ ಉದುರಿಸುವ ಮರ ಊರೊಳಗೆ ಇರಕೂಡದೆಂದು ಕಾಯಿದೆಯೇ ಇತ್ತು. ಆರ್ವಿಡನ ಅಜ್ಜನ ಕಾಲದ ಕಾಯಿದೆ. ಅದನ್ನು ಮೀರಿ ನಿಂತಿದ್ದ ಮರ ಅದೊಂದೇ. ಹಾಗೆಂದು ಯಾರೂ ಬೇಕೆಂದು ನೆಟ್ಟದ್ದಲ್ಲ. ಮದುವೆಯಾದ ಹೊಸತರಲ್ಲಿ ಆರ್ವಿಡನ ಹೆಂಡತಿ ಲವೋನ್, ಟೊಮೆಟೊ ಗಿಡಕ್ಕೆ ಆಸರೆಯಾಗಲೆಂದು ಹೊಳೆದಂಡೆಯಿಂದ ಒಂದು ಹಸಿ ಕೋಲು ಮುರಿದು ತಂದು ಚುಚ್ಚಿದ್ದಳು. ಟೊಮೆಟೊ ಸತ್ತಿತು, ಕೋಲು ಚಿಗುರಿತು. "ಆಸರೆ ಕೊಡೋಕೆ ಬಂದೋನು ಮನೆ ಅಳಿಯನಾಗಿ ಕೂತ" ಎಂದು ಅವಳು ನಗುತ್ತಿದ್ದಳು. ಅಳಿಯ ಬೆಳೆದ. ಚಾವಣಿಯನ್ನು ಮೀರಿದ, ವಿದ್ಯುತ್ ತಂತಿಯನ್ನು ಮೀರಿದ, ಕೊನೆಗೆ ಮೂರು ಮನೆಗಳ ಅಂಗಳಕ್ಕೆ ನೆರಳೂ ಹತ್ತಿಯೂ ಹಂಚುವಷ್ಟು ದೊಡ್ಡವನಾದ.

ಮರ ಆಗಲೇ ಹೋಗಬೇಕಿತ್ತು. ಹೋಗದೆ ಉಳಿದದ್ದು ಲವೋನಳ ಕಣ್ಣಿನಿಂದ.

ಅವಳು ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಊರಿನ ಒಂದು ತಲೆಮಾರಿನ ಮಕ್ಕಳಿಗೆ ಬಡಿಸಿದವಳು. ಸಕ್ಕರೆ ಕಾಯಿಲೆ ಮೊದಲು ಕಣ್ಣಂಚಿಗೆ ಮಂಜು ಕವಿಸಿತು, ಆಮೇಲೆ ನಡುವಿಗೂ ಕವಿಸಿತು. ಕೆಲಸ ಹೋಯಿತು, ಕಾರು ಹೋಯಿತು, ಕನ್ನಡಿ ಹೋಯಿತು. ಅವಳು ಬಿಡದೆ ಹಿಡಿದುಕೊಂಡದ್ದು ಒಂದನ್ನು ಮಾತ್ರ: ಬಟ್ಟೆ ಒಗೆದು ಹಿತ್ತಲ ತಂತಿಗೆ ಒಣಹಾಕುವುದನ್ನು. ಒಣಗಿಸುವ ಯಂತ್ರ ಮನೆಯಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. "ಬಿಸಿಲಿನ ವಾಸನೆ ಇಲ್ಲದ ದುಪ್ಪಟಿ ಹೊದ್ದು ಮಲಗೋಕೆ ನಾನೇನು ಆಸ್ಪತ್ರೆಲಿದೀನಾ?" ಎನ್ನುತ್ತಿದ್ದಳು.

ಹತ್ತಿಮರದ ಎಲೆಗೆ ಚಪ್ಪಟೆ ತೊಟ್ಟು. ಇರುವೆ ನಿಟ್ಟುಸಿರು ಬಿಟ್ಟರೂ ಸಾಕು, ಎಲೆಗೆ ಎಲೆ ಬಡಿದು ಮಳೆ ಹನಿದ ಹಾಗೆ ಚಟಪಟ ಎನ್ನುತ್ತದೆ. ಹಿಂಬಾಗಿಲ ಮೆಟ್ಟಿಲಿಳಿದು ಲವೋನ್ ಒಂದು ಕ್ಷಣ ನಿಲ್ಲುತ್ತಿದ್ದಳು. ಸದ್ದು ಎಡಗೆನ್ನೆಗೆ ಬಿದ್ದರೆ ದಾರಿ ಸರಿ. ಅದರ ಕಡೆಗೇ ತಿರುಗಿ ನಡೆದು, ಸದ್ದು ನೆತ್ತಿಯ ಮೇಲೆ ಬಂದಾಗ ಬಲಕ್ಕೆ ತಿರುಗಿದರೆ ಕೈಗೆ ತಂತಿಯ ಕಂಬ. ಬಟ್ಟೆಯ ಬುಟ್ಟಿ ಸೊಂಟದಲ್ಲಿ, ಕ್ಲಿಪ್ಪುಗಳು ಬಾಯಲ್ಲಿ. ನೋಡಿದವರು ಇವಳಿಗೆ ಕಣ್ಣಿಲ್ಲವೆಂದರೆ ನಂಬುತ್ತಿರಲಿಲ್ಲ. ಮನೆಯಿಂದ ಕಂಬಕ್ಕೊಂದು ಹಗ್ಗ ಕಟ್ಟಿಬಿಡಲಾ ಎಂದು ಆರ್ವಿಡ್ ಒಮ್ಮೆ ಕೇಳಿದ್ದ. ಹಿಮಗಾಳಿಯಲ್ಲಿ ದಾರಿ ತಪ್ಪದಿರಲೆಂದು ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟುವುದು ಇಲ್ಲಿನ ರೈತರ ಹಳೆಯ ಪದ್ಧತಿ. ಲವೋನ್ ಬುಟ್ಟಿ ಕೆಳಗಿಟ್ಟು ಅವನತ್ತ ತಿರುಗಿದ್ದಳು.

"ಹಗ್ಗ ಹಿಡ್ಕೊಂಡು ಓಡಾಡೋಕೆ ನಾನೇನು ನಿನ್ನ ಹಸುವಾ? ಕೊರಳಿಗೊಂದು ಗಂಟೆನೂ ಕಟ್ಟಿಬಿಡು, ಹಾಲು ಕರೆಯೋ ಹೊತ್ತಿಗೆ ಬರ್ತೀನಿ."

ಅಲ್ಲಿಗೆ ಆ ಮಾತು ಮುಗಿಯಿತು.

ಆರ್ವಿಡನ ಮಾತುಗಳೆಲ್ಲ ಹಾಗೆಯೇ, ಶುರುವಾಗುವ ಮೊದಲೇ ಮುಗಿಯುತ್ತಿದ್ದವು. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವುದು ಅವನ ಕೆಲಸ. ಲಾರಿ ಬಂದರೆ ಕೈ ಎತ್ತುವನು, ತೂಕ ಆದರೆ ಕೈ ಇಳಿಸುವನು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದಾದರೆ ಕಾಲ್ಮನ್ ಗ್ರೋವಿಗೆಲ್ಲ ಅವನೇ ದೊಡ್ಡ ಸಾಹುಕಾರ. "ಮನೇಲಿ ಮಾತಾಡೋದು ಮರ ಒಂದೇ," ಎನ್ನುತ್ತಿದ್ದಳು ಲವೋನ್, "ಪುಣ್ಯಕ್ಕೆ ಅದಕ್ಕೆ ಲಾರಿ ತೂಗೋ ಕೆಲಸ ಇಲ್ಲ."

ಅಕ್ಕಪಕ್ಕದವರ ಜೊತೆ ಆದ ಒಪ್ಪಂದದಲ್ಲೂ ಮಾತಿರಲಿಲ್ಲ. ಲವೋನಳ ಕಣ್ಣು ಪೂರ್ತಿ ಹೋದ ವರ್ಷದ ಜೂನಿನಲ್ಲಿ, ಹತ್ತಿಯ ಬಗ್ಗೆ ಬೀದಿಯಲ್ಲಿ ಗೊಣಗಾಟ ಎದ್ದಾಗ, ಆರ್ವಿಡ್ ತನ್ನ ವ್ಯಾಕ್ಯೂಮ್ ಎಳೆದುಕೊಂಡು ಪಕ್ಕದ ಅಂಗಳಕ್ಕೆ ಹೋದ, ಉದ್ದ ವೈರು ಎಳೆದ, ಹತ್ತಿ ಹೀರತೊಡಗಿದ. ಪಕ್ಕದ ಮನೆಯಾತ ಕಿಟಕಿಯಿಂದ ನೋಡಿದ, ಒಳಗೆ ಹೋದ, ಹೆಂಡತಿ ಬೇಯಿಸಿದ ಸಿಹಿಯನ್ನು ತುಂಡು ಮಾಡಿ ತಟ್ಟೆಯಲ್ಲಿಟ್ಟು ತಂದ. ಆರ್ವಿಡ್ ಒಂದು ತುಂಡು ತಿಂದ. ಅಷ್ಟೇ. ಅಂದಿನಿಂದ ಮರದ ಹತ್ತಿ ಆರ್ವಿಡನದು, ಕಣ್ಣು ಮುಚ್ಚಿಕೊಳ್ಳುವುದು ಊರಿನದು.

ಆ ವ್ಯಾಕ್ಯೂಮ್ ಮನೆಯೊಳಗೆ ಜಮಖಾನೆ ಗುಡಿಸುವ ಸೂಕ್ಷ್ಮದ್ದಲ್ಲ. ನೀರನ್ನೂ ಎಳೆಯುತ್ತದೆ, ಒಣ ಕಸವನ್ನೂ ಎಳೆಯುತ್ತದೆ. ದಪ್ಪ ಹೊಟ್ಟೆಯ ಡ್ರಮ್ಮು, ಕೆಳಗೆ ಗಾಲಿ, ಮುಂದೆ ಉದ್ದ ಸೊಂಡಿಲು. ನೆಲಮಾಳಿಗೆಗೆ ಮಳೆನೀರು ನುಗ್ಗಿದ ವರ್ಷ ತಂದದ್ದು, ಆಮೇಲೆ ಅಂಗಳಕ್ಕೇ ಇಳಿದು ಅಲ್ಲೇ ಉಳಿದುಬಿಟ್ಟಿತು. ಶರತ್ಕಾಲದಲ್ಲಿ ಚಾವಣಿಯಂಚಿನ ಮಳೆನೀರಿನ ದೋಣಿಯಿಂದ ಕೊಳೆತ ಎಲೆ ಎಳೆಯುವುದು, ನೆಲಮಾಳಿಗೆಯ ಕಿಟಕಿಯ ಮುಂದಿನ ಗುಂಡಿಯಲ್ಲಿ ನಿಂತ ನೀರು ಹೀರುವುದು, ಜಲ್ಲಿಕಲ್ಲಿನ ನಡುವೆ ಸಿಕ್ಕಿದ ಕಡ್ಡಿ ಹೆಕ್ಕುವುದು, ಎಲ್ಲಕ್ಕೂ ಅದೇ. ಲವೋನ್ ಅದಕ್ಕೆ ಹಂದಿ ಎಂದು ಹೆಸರಿಟ್ಟಿದ್ದಳು. ಅವಳು ಹಂದಿ ಸಾಕಿದವರ ಮನೆಯ ಮಗಳು. ಮುಂದೆ ಇಟ್ಟಿದ್ದನ್ನೆಲ್ಲ ತಿಂದು ಗುರುಗುಟ್ಟುವ ಪ್ರಾಣಿಗೆ ಬೇರೆ ಹೆಸರು ಅವಳಿಗೆ ತಿಳಿಯದು. ಹತ್ತಿ ಡ್ರಮ್ಮಿನೊಳಗಿನ ಕಸ ತಡೆಯುವ ಜಾಳಿಗೆಗೆ ಮೆತ್ತಿಕೊಂಡು ಹಂದಿಗೆ ಉಸಿರು ಕಟ್ಟುತ್ತಿತ್ತೆಂದು ತನ್ನ ಹಳೆಯ ತೆಳು ಕಾಲುಚೀಲವನ್ನು ಜಾಳಿಗೆಯ ಮೇಲೆ ಎಳೆದು ತೊಡಿಸುವ ಉಪಾಯ ಹೇಳಿಕೊಟ್ಟವಳೂ ಅವಳೇ. ಚೀಲ ಕೊಡವಿದರೆ ಹತ್ತಿ ಕಂಬಳಿಯಂತೆ ಒಂದೇ ಹಾಳೆಯಾಗಿ ಸುಲಿದು ಬರುತ್ತಿತ್ತು.

ಆದರೆ ಗಾಳಿಯ ಸಾಲಕ್ಕೆ ಬಡ್ಡಿ ಕಟ್ಟಿ ತೀರಿಸಿದವರುಂಟೆ? ಆರ್ವಿಡ್ ಒಂದು ಅಂಗಳ ಹೀರಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಿಂದಿನದು ಮತ್ತೆ ಬೆಳ್ಳಗಾಗಿರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೇಸಿಗೆಯ ಸಂಜೆಗಳೆಲ್ಲ ಹೀಗೆ ಕಳೆದವು, ವರ್ಷಗಳು ಕಳೆದವು, ಮೊಣಕಾಲು ಸವೆಯಿತು. ಮರ ಮಾತ್ರ ಪ್ರತಿವರ್ಷ ಇನ್ನಷ್ಟು ಹತ್ತಿ ಬಿಡುತ್ತಿತ್ತು.

"ಹಂದಿ ಹೊಟ್ಟೆ ತುಂಬ್ತಾ?" ಎಂದು ಲವೋನ್ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು.

"ಹೂಂ."

"ಮರದ ಹೊಟ್ಟೆ ಖಾಲಿ ಆಯ್ತಾ?"

"ಊಹೂಂ."

"ನಮ್ಮಿಬ್ರ ಸಂಸಾರನೂ ಹಿಂಗೇ ನೋಡು. ನಾನು ಸುರೀತಾನೇ ಇರ್ತೀನಿ, ನೀನು ಬಾಯಿ ಮುಚ್ಕೊಂಡು ನುಂಗ್ತಾನೇ ಇರ್ತೀಯ."

ಆರ್ವಿಡನಿಗೆ ನಗು ಬರುತ್ತಿತ್ತು. ನಕ್ಕದ್ದು ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ, ಮೂಗಿನಿಂದ ಸಣ್ಣ ಸದ್ದು ಮಾಡುತ್ತಿದ್ದ. ಅವಳಿಗೆ ಅಷ್ಟು ಸಾಕಿತ್ತು.

ಆಮೇಲೆ ಪಕ್ಕದ ಮನೆ ಕೈ ಬದಲಾಯಿತು. ಹಳಬರು ಮಗಳಿದ್ದ ಊರಿಗೆ ಹೋದರು. ಟ್ರೆಂಟ್, ಕೇಯ್ಲಾ ಎಂಬ ಎಳೆಯ ಜೋಡಿ ಬಂತು. ಒಳ್ಳೆಯ ಜನ. ಮಗು ಹುಟ್ಟಿತು, ತಿಂಗಳು ತುಂಬುವ ಮೊದಲೇ ಹುಟ್ಟಿದ ಅಂಗೈಯಷ್ಟು ಮಗು. ಆ ವರ್ಷದ ಜೂನ್ ಕೊಪ್ಪರಿಗೆಯ ಹಾಗೆ ಕುದಿಯಿತು.

ಒಂದು ಸಂಜೆ ಆರ್ವಿಡ್ ಹಂದಿಯನ್ನು ಗ್ಯಾರೇಜಿಗೆ ತಳ್ಳುತ್ತಿದ್ದಾಗ ಕೇಯ್ಲಾ ಬೇಲಿಯ ಬಳಿ ಬಂದಳು. ಹೆಗಲ ಮೇಲೆ ಮಗು ಕಿರುಗುಡುತ್ತಿತ್ತು.

"ಆರ್ವಿಡ್, ಏನೂ ಅಂದ್ಕೋಬೇಡಿ. ನಮ್ಮ ಎ.ಸಿ. ನಿಂತೋಯ್ತು. ರಿಪೇರಿಯವ್ನು ಬಂದಿದ್ದ. ಹೊರಗಡೆ ಪೆಟ್ಟಿಗೆಗೆ ಹತ್ತಿ ಮೆತ್ಕೊಂಡು ಉಸಿರು ಕಟ್ಟಿದೆ ಅಂದ. ಪರವಾಗಿಲ್ಲ."

ಆರ್ವಿಡ್ ಬಾಯಿ ತೆರೆದ.

"ಇಲ್ಲ ಇಲ್ಲ, ಪರವಾಗಿಲ್ಲ. ನಾವೇ ನೋಡ್ಕೋತೀವಿ. ಮಗುಗೆ ಸ್ವಲ್ಪ ಸೆಕೆ ಅಷ್ಟೆ. ನಿಜವಾಗ್ಲೂ ಪರವಾಗಿಲ್ಲ," ಎಂದು ನಕ್ಕು ಒಳಗೆ ಹೋದಳು.

ನಮ್ಮ ಕಡೆ ಈ 'ಪರವಾಗಿಲ್ಲ'ವನ್ನು ತೂಗಿ ನೋಡಬೇಕು. ಒಂದು ಸಲ ಅಂದರೆ ಪರವಾಗಿಲ್ಲ ಎಂದೇ ಅರ್ಥ. ಮೂರು ಸಲ ಅಂದು ನಕ್ಕರೆ ಅದಕ್ಕಿಂತ ದೊಡ್ಡ ಬೈಗುಳ ಈ ಊರಿನವರಿಗೆ ಬರುವುದಿಲ್ಲ. ಲಾರಿ ತೂಗುವವನಿಗೆ ಅದು ತಿಳಿಯದೆ?

"ಕೇಯ್ಲಾ ಪರವಾಗಿಲ್ಲ ಅಂದ್ಲು," ಎಂದ ಊಟಕ್ಕೆ ಕುಳಿತಾಗ.

"ಎಷ್ಟು ಸಲ?"

"ಮೂರು."

"ಅಯ್ಯೋ ದೇವರೆ. ನಕ್ಕಳಾ?"

"ನಕ್ಕಳು."

ಲವೋನ್ ಫೋರ್ಕು ಕೆಳಗಿಟ್ಟಳು. ಹೊರಗೆ ಎಲೆಗಳು ಚಟಪಟ ಎನ್ನುತ್ತಿದ್ದವು. "ಹಂಗಾದ್ರೆ ಮರ ಹೋಯ್ತು ಅಂತ್ಲೇ," ಎಂದಳು. ಅವಳ ದನಿಯಲ್ಲಿ ನಗೆಯಿರಲಿಲ್ಲ. ಆರ್ವಿಡನಿಗೆ ಅನ್ನಬೇಕೆನಿಸಿತು: ಹೋಗೋಕೆ ಬಿಡಲ್ಲ ಕಣೇ, ನಾನಿದ್ದೀನಲ್ಲ. ಆಲೂಗಡ್ಡೆಯ ತುಂಡೊಂದನ್ನು ಬಾಯಿಗಿಟ್ಟುಕೊಂಡು ಅದನ್ನೂ ನುಂಗಿದ.

ಮರುದಿನ ಬೆಳಗ್ಗೆ ಟ್ರೆಂಟನ ಗಾಡಿ ಹೊರಟ ಸದ್ದಾಯಿತು. ಪರದೆಗಳು ಮುಚ್ಚಿದ್ದವು. ಮಗುವನ್ನು ಅದರ ಅಜ್ಜಿಯ ಬಳಿ ಬಿಟ್ಟು ಇಬ್ಬರೂ ಕೆಲಸಕ್ಕೆ ಹೋದರೆಂದು ಆರ್ವಿಡ್ ಲೆಕ್ಕ ಹಾಕಿದ. ಅವರು ಬರುವಷ್ಟರಲ್ಲಿ ಅಂಗಳವೆಲ್ಲ ಹೀರಿ, ಎ.ಸಿ. ಪೆಟ್ಟಿಗೆಯ ಸೀಳುಗಳನ್ನೆಲ್ಲ ಶುಚಿ ಮಾಡಿಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಕೇಳದೆ ಮಾಡಿಬಿಡುವುದೇ ಇಲ್ಲಿ ಕ್ಷಮೆ ಕೇಳುವ ಪರಿ. ಗ್ಯಾರೇಜಿನಿಂದ ವೈರು ಎಳೆದು, ಬೇಲಿಯ ಗೇಟು ದಾಟಿಸಿ, ಹಂದಿಯನ್ನು ಅವರ ಹಿತ್ತಲಿಗೆ ಉರುಳಿಸಿದ.

ಹುಲ್ಲಿನ ಮೇಲೆ ಹತ್ತಿ ಕಣಕಾಲು ಮುಚ್ಚುವಂತಿತ್ತು. ಬೇಲಿಯುದ್ದಕ್ಕೂ ಹೀರಿದ. ಹಂದಿಯ ಹೊಟ್ಟೆ ತುಂಬುತ್ತಾ ಬಂತು. ಇನ್ನೊಂದಿಷ್ಟು ಮುಗಿಸಿ ಸುರಿದರಾಯಿತು ಎಂದುಕೊಂಡ. ಹಿತ್ತಲ ನಡುವೆ ಟ್ರೆಂಟ್ ಕಲ್ಲಿಟ್ಟು ಮಾಡಿಕೊಂಡ ಬೆಂಕಿಗುಂಡಿ ಇತ್ತು. ಮನೆಯೊಳಗೆ ಕೂರಲಾರದೆ ಹಿಂದಿನ ಸಂಜೆ ಗಂಡಹೆಂಡಿರು ಅಲ್ಲಿ ಸೌದೆ ಹಾಕಿ ಸಾಸೇಜು ಸುಟ್ಟುಕೊಂಡಿದ್ದರು. ಈಗ ಅದರ ಮೇಲೆ ಹತ್ತಿ ದಪ್ಪಗೆ, ನುಣ್ಣಗೆ, ಒಂದು ಕಲೆಯೂ ಇಲ್ಲದೆ ಹಾಸಿತ್ತು. ಬದುಕಿನ ಅರ್ಧವನ್ನು ಹಿಮದಲ್ಲಿ ಕಳೆದವರಿಗೆ ಒಂದು ಲೆಕ್ಕ ರಕ್ತದಲ್ಲೇ ಇರುತ್ತದೆ: ಬಿಳಿ ನಿಂತಿದೆ ಎಂದರೆ ಕೆಳಗೆ ತಣ್ಣಗಿದೆ. ಬಿಸಿ ಇದ್ದ ಕಡೆ ಹಿಮ ಕರಗಿ ಕಪ್ಪಾಗುತ್ತದೆ. ಆರ್ವಿಡನ ಕಣ್ಣು ಬಿಳಿಯನ್ನು ಕಂಡಿತು, ಕೈ ಸೊಂಡಿಲನ್ನು ಒಳಗಿಟ್ಟಿತು. ಕೆಳಗೆ ಬೂದಿ ಹೊದ್ದು ಮಲಗಿದ್ದ ಕೆಂಡವೊಂದು ಟಕ್ಕೆಂದು ಕೊಳವೆಯೊಳಗೆ ಹೋದ ಸದ್ದನ್ನು ಅವನು ಕಲ್ಲೆಂದುಕೊಂಡ.

ಮೊದಲು ಬ್ರೆಡ್ಡು ಸೀದ ವಾಸನೆ ಬಂತು. ಹಂದಿ ಕೆಮ್ಮಿತು. ಬೆನ್ನಿನ ತೂತಿನಿಂದ ಹೊಗೆ ಬಂತು. ಆರ್ವಿಡ್ ವೈರು ಕಿತ್ತ, ಕೊಕ್ಕೆ ಬಿಡಿಸಿ ಮುಚ್ಚಳ ಎತ್ತಿದ. ಹಾಗೆ ಮಾಡಬಾರದಿತ್ತು. ಉಸಿರು ಸಿಕ್ಕ ಬೆಂಕಿ ಭಗ್ ಎಂದು ಎದ್ದಿತು. ಅವನು ಹಿಂದಕ್ಕೆ ಬಿದ್ದ, ಹಂದಿ ಮಗುಚಿತು, ದೀಪದ ಬತ್ತಿಗೂ ಬಾರದ ಹತ್ತಿ ಬೆಂಕಿಗೆ ಬಂತು. ಅದು ಹುಲ್ಲನ್ನು ಸುಡಲಿಲ್ಲ. ಹತ್ತಿಯನ್ನಷ್ಟೇ ನೆಕ್ಕುತ್ತಾ, ನೀರಿನ ಮೇಲೆ ಅಲೆ ಓಡಿದಂತೆ ಓಡಿತು. ಓಡಿದ ದಾರಿಯೆಲ್ಲ ಹಸಿರಾಯಿತು. ನೋಡಲು ಚಂದವಾಗಿತ್ತು, ಅದೇ ಘೋರ. ಮನೆಯ ಗೋಡೆಯ ಬುಡದಲ್ಲಿ, ಎ.ಸಿ. ಪೆಟ್ಟಿಗೆಯ ಸುತ್ತ, ಹತ್ತಿ ಗುಡ್ಡೆಯಾಗಿತ್ತು. ಬೆಂಕಿ ಅಲ್ಲಿಗೆ ಹೋಗಿ ಎದ್ದುನಿಂತಿತು. ಗೋಡೆಗೆ ಹೊದೆಸಿದ ಪ್ಲಾಸ್ಟಿಕ್ ಹಲಗೆ ಮೇಣದಂತೆ ಇಳಿಯತೊಡಗಿತು. ನೀರಿನ ನಲ್ಲಿ ಆ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು, ಜ್ವಾಲೆಯ ಆಚೆ.

ಆರ್ವಿಡ್ ಮನೆಯ ಮುಂಭಾಗಕ್ಕೆ ಓಡಿದ. ಅಲ್ಲಿ ಕೇಯ್ಲಾಳ ಕಾರು ನಿಂತಿತ್ತು.

ಆ ಕಾರನ್ನು ಕಂಡ ಗಳಿಗೆಯಿಂದ ಮುಂದಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಬಾಗಿಲು ಗುದ್ದಿದ. ಕಿಟಕಿ ಗುದ್ದಿದ. ಕೂಗಬೇಕೆಂದು ಬಾಯಿ ತೆರೆದ. ಒಂದು ಜನ್ಮದಿಂದ ಬಳಸದ ಕೀಲಿಗೆ ತುಕ್ಕು ಹಿಡಿದಂತೆ ಗಂಟಲು ತಿರುಗಲಿಲ್ಲ. ತನ್ನ ಹಿತ್ತಲಿನಿಂದ ಲವೋನಳ ಕೂಗು ಬರುತ್ತಿತ್ತು. "ಆರ್ವಿಡ್! ಏನು ವಾಸನೆ ಅದು? ಎಲ್ಲಿದ್ದೀಯ? ಆರ್ವಿಡ್!" ಅದಕ್ಕೂ ಉತ್ತರ ಹೊರಡಲಿಲ್ಲ. ಅಷ್ಟರಲ್ಲಿ ಯಾರೋ ಫೋನು ಮಾಡಿ, ಊರ ಸೈರನ್ ಬೊಬ್ಬಿಟ್ಟಿತು. ಈ ಸಣ್ಣ ಊರಲ್ಲಿ ಅಗ್ನಿಶಾಮಕದವರೆಂದರೆ ಬೇರೆ ಯಾರೂ ಅಲ್ಲ, ಸೈರನ್ ಕೂಗಿದಾಗ ಕೆಲಸ ಬಿಟ್ಟು ಓಡಿಬರುವ ಗೋದಾಮಿನ ಅವನ ಜೊತೆಗಾರರೇ. ಬಂದರು, ಬಾಗಿಲು ಒಡೆದರು, ನೀರು ಬಿಟ್ಟರು, ಆರಿಸಿದರು. ಮನೆಯೊಳಗೆ ಯಾರೂ ಇರಲಿಲ್ಲ. ಸೆಕೆ ತಾಳದೆ ಕೇಯ್ಲಾ ನಸುಕಿನಲ್ಲೇ ತನ್ನಮ್ಮನ ಕಾರಿನಲ್ಲಿ ಮಗುವನ್ನೆತ್ತಿಕೊಂಡು ತವರಿಗೆ ಹೋಗಿದ್ದಳು.

ಲವೋನ್ ಸಿಕ್ಕಿದ್ದು ಟೊಮೆಟೊ ಮಡಿಯ ನಡುವೆ, ಬರಿಗಾಲಲ್ಲಿ. ಸೈರನ್ನಿನ ಅಬ್ಬರದಲ್ಲಿ ಎಲೆಯ ಸದ್ದು ಮುಳುಗಿ, ಗಂಡನನ್ನು ಹುಡುಕಿ ಹೊರಟವಳು ದಾರಿ ತಪ್ಪಿದ್ದಳು. ಆರ್ವಿಡ್ ಬಂದು ಮೊಣಕೈ ಮುಟ್ಟಿದಾಗ ಬೆಚ್ಚಿದಳು.

"ಒಂದು ಸಲ 'ಇದ್ದೀನಿ' ಅನ್ನಬಾರದಿತ್ತಾ?" ಎಂದಳು. "ಒಂದೇ ಒಂದು ಸಲ?"

ಕೇಯ್ಲಾ ಸಂಜೆ ಬಂದಳು. ಕರಗಿ ಜೋತುಬಿದ್ದ ಗೋಡೆಯನ್ನೂ ಕರಕಲಾದ ಪೆಟ್ಟಿಗೆಯನ್ನೂ ನೋಡಿದಳು, ಅಂಗಳದ ತುದಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಆರ್ವಿಡನನ್ನೂ ನೋಡಿದಳು. "ಪರವಾಗಿಲ್ಲ ಆರ್ವಿಡ್. ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದಳು. ಒಂದೇ ಸಲ ಅಂದಳು, ನಗಲಿಲ್ಲ, ಕಣ್ಣು ಒರೆಸಿಕೊಂಡಳು. ಬೈದಿದ್ದರೆ ಆರ್ವಿಡ್ ಆ ರಾತ್ರಿ ನಿದ್ದೆ ಮಾಡುತ್ತಿದ್ದನೇನೋ.

ಆಮೇಲೆ ಬಂದವಳು ಗ್ಲೆನ್ನಿಸ್. ಊರಿನ ಕಚೇರಿಯ ಗುಮಾಸ್ತೆ, ತೆರಿಗೆಯಿಂದ ಹಿಡಿದು ತಪ್ಪಿಸಿಕೊಂಡ ನಾಯಿಯವರೆಗೆ ಎಲ್ಲಕ್ಕೂ ಅವಳೇ. ಆರ್ವಿಡನ ಜೊತೆ ಒಂದೇ ತರಗತಿಯಲ್ಲಿ ಓದಿದವಳು.

"ನೋಡು ಆರ್ವಿಡ್, ಇಷ್ಟು ವರ್ಷ ಈ ಬೀದೀಲಿ ಬರೋವಾಗೆಲ್ಲ ನಾನು ಆ ಕಡೆ ಮುಖ ಮಾಡ್ಕೊಂಡು ಹೋಗ್ತಿದ್ದೆ. ಕುತ್ತಿಗೆ ಹಿಡ್ಕೊಂಡಿದೆ. ಈಗ ಬೆಂಕಿ ಬಿದ್ದಿದೆ, ಕಣ್ಣು ಮುಚ್ಚೋಕೆ ಆಗಲ್ಲ. ಊರ ಸಭೆಗೆ ಬಾ. ಮರ ಯಾಕೆ ಬೇಕು ಅಂತ ನಿನ್ನ ಬಾಯಿಂದ ಹೇಳು. ಕಾಯಿದೇಲಿ ಒಂದು ವಿನಾಯಿತಿ ಕೊಡೋಕೆ ಜಾಗ ಇದೆ. ಲವೋನಳ ವಿಷಯ ಹೇಳಿದ್ರೆ ಯಾರು ಬೇಡ ಅಂತಾರೆ?"

ಅವಳು ಹೋದ ಮೇಲೆ ಲವೋನ್ ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನನ್ನ ವಿಷಯ ಹೇಳಕೂಡದು."

"ಲವೋನ್..."

"ಹೇಳಕೂಡದು ಅಂದೆ. ಅಲ್ಲಿ ಕೂತಿರೋರೆಲ್ಲ ನನ್ನ ಕೈಲಿ ಬಡಿಸಿಕೊಂಡು ಉಂಡ ಮಕ್ಕಳು. 'ಪಾಪ, ಕುರುಡಿ, ಅವಳಿಗೊಂದು ಮರ ಇರ್ಲಿ' ಅಂತ ಕೈ ಎತ್ತೋದು ಬೇಡ. ಮರದ ವಿಷಯ ಹೇಳು. ಚೆನ್ನಾಗಿರೋ ಮರ, ಹೇಳೋಕೆ ಬೇಕಾದಷ್ಟಿದೆ. ನೆರಳಿದೆ, ಹಕ್ಕಿ ಇದೆ, ಸದ್ದಿದೆ. ಇಷ್ಟು ವರ್ಷ ಉಳಿಸಿದ ಮಾತೆಲ್ಲ ಎಲ್ಲಿಟ್ಟಿದ್ದೀಯ? ಈಗ ತೆಗಿ."

ಸಭೆಯ ದಿನ ಆರ್ವಿಡ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಗೋದಾಮಿನಿಂದ ಊರ ಕಚೇರಿಯವರೆಗೂ ಮನಸ್ಸಿನಲ್ಲೇ ಹೇಳಿಕೊಂಡ. ಅದು ಟೊಮೆಟೊ ಗಿಡಕ್ಕೆ ಊರುಗೋಲಾಗಿ ಬಂದದ್ದು ಎಂದು ಶುರು ಮಾಡಬೇಕು. ಅವನ ಹೆಸರು ಕರೆದರು. ಎದ್ದ. ಒಂದು ಸಾಲಿನಲ್ಲಿ ಟ್ರೆಂಟ್, ಕೇಯ್ಲಾ, ಮಡಿಲಲ್ಲಿ ನಿದ್ದೆ ಹೋದ ಮಗು. ಆ ಮಗುವನ್ನು ನೋಡಿದ್ದೇ ತಡ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕಳಚಿ ಬಿತ್ತು. ಈ ಮಗು ಅವತ್ತು ಒಳಗಿದ್ದಿದ್ದರೆ? ಅದನ್ನು ಸುಡುತ್ತಿದ್ದವನು ಈಗ ಮರ ಉಳಿಸಿ ಎನ್ನುವುದೇ?

"ಅದು..." ಎಂದ. ಎಲ್ಲರೂ ಕಾದರು. ಗ್ಲೆನ್ನಿಸ್ ಕಣ್ಣಲ್ಲೇ, ಹೇಳು, ಹೇಳು, ಎಂದಳು.

"ಒಳ್ಳೆ ಮರ," ಎಂದು ಆರ್ವಿಡ್ ಕುಳಿತುಬಿಟ್ಟ.

ಮನೆಯಲ್ಲಿ ಲವೋನ್ ಏನಾಯಿತೆಂದು ಕೇಳಬೇಕಾಗಲಿಲ್ಲ. ಅವನು ಬೂಟು ಬಿಚ್ಚಿದ ಸದ್ದಿನಲ್ಲೇ ಅವಳಿಗೆ ತೀರ್ಪು ತಿಳಿದಿತ್ತು. "ಎಷ್ಟು ಮಾತು ಆಡಿದೆ?" ಎಂದಳು. "ಎರಡು," ಎಂದ. "ಪರವಾಗಿಲ್ಲ," ಎಂದಳು ಲವೋನ್, ಮತ್ತು ನಕ್ಕಳು.

ಮರ ಕಡಿಯಲು ಬಂದವರೂ ಬೆಂಕಿ ಆರಿಸಿದವರೇ. ಹಣ ಬೇಡವೆಂದರು. ಅವರ ಹೆಂಡತಿಯರು ಸಿಹಿಯ ತಟ್ಟೆ ಕಳಿಸಿದ್ದರು. ಅಡುಗೆಮನೆಯ ಕಟ್ಟೆ ತುಂಬಿತು. ಲವೋನ್ ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತು ಕೇಳಿಸಿಕೊಂಡಳು. ಗರಗಸದ ಸದ್ದು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬಂತು. ಕೊಂಬೆಯೊಂದು ಬಿದ್ದಾಗಲೆಲ್ಲ ಎಲೆಗಳು ಒಮ್ಮೆಲೇ ಚಟಪಟಿಸಿ ಸುಮ್ಮನಾಗುತ್ತಿದ್ದವು. ಕೊನೆಯದು ಬಿದ್ದ ಮೇಲೆ ಅವಳು ಇನ್ನೂ ಸ್ವಲ್ಪ ಹೊತ್ತು ತಲೆ ಎಡಕ್ಕೆ ವಾಲಿಸಿಕೊಂಡು ಕುಳಿತಿದ್ದಳು.

ಅಂದಿನಿಂದ ಅವಳು ಮೆಟ್ಟಿಲು ಇಳಿಯಲಿಲ್ಲ. ಆರ್ವಿಡ್ ಹೇಳದೆ ಕೇಳದೆ ಬಾಗಿಲಿನಿಂದ ಕಂಬಕ್ಕೆ ಹಗ್ಗ ಕಟ್ಟಿದ. ಅವಳು ಒಮ್ಮೆ ಅದನ್ನು ಬೆರಳಲ್ಲಿ ಮುಟ್ಟಿ, ಬಿಸಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡು ಒಳಗೆ ಹೋದಳು. ಆರ್ವಿಡ್ ಹಗ್ಗ ಬಿಚ್ಚಿ ಸುತ್ತಿಟ್ಟ. ಒಣಗಿಸುವ ಯಂತ್ರ ತಿರುಗತೊಡಗಿತು. ದುಪ್ಪಟಿಗಳಿಗೆ ಯಾವ ವಾಸನೆಯೂ ಇರಲಿಲ್ಲ. ಲವೋನ್ ತಮಾಷೆ ಮಾಡುವುದನ್ನೂ ಬಿಟ್ಟಳು, ಊಟದ ಮೇಜಿನ ಎರಡೂ ಕಡೆ ಬಂಗಾರವೇ ತುಂಬಿಕೊಂಡಿತು.

ಸುಗ್ಗಿಯ ಮೊದಲು ಒಂದು ಶನಿವಾರ ಟ್ರೆಂಟ್ ದೊಡ್ಡ ಪೆಟ್ಟಿಗೆ ಹೊತ್ತು ಬಂದ. ಹೊಸ ವ್ಯಾಕ್ಯೂಮ್. ಹಳೆಯದಕ್ಕಿಂತ ದೊಡ್ಡ ಹೊಟ್ಟೆ, ದೊಡ್ಡ ಗಾಲಿ, ಮೇಲೊಂದು ಕೆಂಪು ರಿಬ್ಬನ್ನು.

"ನಮ್ಮನೆ ಕೆಲಸ ಮಾಡೋಕೆ ಹೋಗಿ ತಾನೇ ನಿಮ್ಮದು ಸುಟ್ಟೋಗಿದ್ದು," ಎಂದ. "ಬೇಡ ಅನ್ನಬೇಡಿ, ಆರ್ವಿಡ್. ಕೇಯ್ಲಾ ಬೈತಾಳೆ."

ಹೀರಲು ಇನ್ನು ಹತ್ತಿ ಎಲ್ಲಿದೆ? ಆರ್ವಿಡ್ ತಲೆಯಾಡಿಸಿ ಇಸಿದುಕೊಂಡ. ಟ್ರೆಂಟ್ ಹೋದ ಮೇಲೆ ಅದನ್ನು ಗ್ಯಾರೇಜಿನಲ್ಲಿಟ್ಟು ಬಹಳ ಹೊತ್ತು ನೋಡುತ್ತಾ ನಿಂತ. ಆಮೇಲೆ ವೈರು ಎಳೆದು ಅದನ್ನು ಬಟ್ಟೆ ತಂತಿಯ ಕಂಬದ ಬುಡಕ್ಕೆ ಉರುಳಿಸಿಕೊಂಡು ಹೋಗಿ ನಿಲ್ಲಿಸಿದ. ಮನೆಯೊಳಗೆ ಹೋಗಿ ಒದ್ದೆ ಬಟ್ಟೆಯ ಬುಟ್ಟಿ ತಂದು ಲವೋನಳ ಮಡಿಲಲ್ಲಿಟ್ಟ.

"ಏನಿದು?"

"ಬಾ," ಎಂದ.

ಅವಳನ್ನು ಕೆಳಗಿನ ಮೆಟ್ಟಿಲವರೆಗೆ ಕರೆತಂದು ಬಿಟ್ಟು, ತಾನು ಓಡಿಹೋಗಿ ಗುಂಡಿ ಒತ್ತಿದ. ಹೊಸ ಹಂದಿ ಅಬ್ಬರಿಸಿತು. ಏನು ನಡೆಯುತ್ತಿದೆಯೆಂದು ಲವೋನಳಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು: ಎಲೆಯ ಸದ್ದಿನ ಬದಲು ಈ ಸದ್ದು ಹಿಡಿದು ಬರಬೇಕು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟಳು. ಒಂದಿಷ್ಟು ಹೆ‌ಜ್ಜೆ ಬಂದಳು. ನಿಂತಳು. ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು. ಆ ಅಬ್ಬರ ಗ್ಯಾರೇಜಿನ ಗೋಡೆಗೆ ಬಡಿದು, ಬೇಲಿಗೆ ಬಡಿದು, ಹಿತ್ತಲ ತುಂಬಾ ಕುದಿಯುತ್ತಿತ್ತು.

"ಎಲ್ಲಾ ಕಡೆಯಿಂದ್ಲೂ ಬರ್ತಿದೆ, ಆರ್ವಿಡ್!" ಎಂದು ಕೂಗಿದಳು. "ಆರಿಸು! ಯಾವ ಕಡೆ ಅಂತ ಗೊತ್ತಾಗ್ತಿಲ್ಲ!"

ಆರಿಸಿದ. ಮೌನ ದೊಪ್ಪೆಂದು ಬಿತ್ತು. ಈಗ ಅವಳಿಗೆ ಹಿಂದೆ ಮೆಟ್ಟಿಲೂ ಇಲ್ಲ, ಮುಂದೆ ಕಂಬವೂ ಇಲ್ಲ. ಆರ್ವಿಡ್ ಅವಳ ಬಳಿಗೆ ಹೊರಟ.

"ಬರಬೇಡ," ಎಂದಳು ಲವೋನ್. "ಕೈ ಹಿಡಿಯೋಕೆ ಬರಬೇಡ. ಅಲ್ಲೇ ನಿಂತ್ಕೊಂಡು ಮಾತಾಡು."

"ಏನು ಮಾತಾಡ್ಲಿ?"

"ಏನಾದ್ರೂ. ನಾನು ಬಂದು ಮುಟ್ಟೋವರೆಗೆ."

ಆರ್ವಿಡ್ ಒಣಗಿದ ತುಟಿ ನೆಕ್ಕಿಕೊಂಡ. "ಜೋಳ... ಜೋಳ ಒಣಗ್ತಾ ಬಂದಿದೆ," ಎಂದ. ಅವಳು ಹೆಜ್ಜೆ ಇಟ್ಟಳು. "ಸೋಮವಾರದಿಂದ ಲಾರಿ ಬರಬಹುದು. ಗ್ಲೆನ್ನಿಸಳ ನಾಯಿ ಮತ್ತೆ ತಪ್ಪಿಸ್ಕೊಂಡಿತ್ತು. ಟ್ರೆಂಟ್ ಗೋಡೆಗೆ ಬಣ್ಣ ಹೊಡೆಸಿದ. ಹಸಿರು. ಚೆನ್ನಾಗಿಲ್ಲ." ಅವಳ ತುಟಿಯಂಚು ಅಲುಗಿತು, ಇನ್ನೂ ಹೆಜ್ಜೆ ಬಂದಳು. "ಬುಟ್ಟೀಲಿ ನನ್ನ ನೀಲಿ ಅಂಗಿ ಇದೆ. ಮತ್ತೆ... ಆಕಾಶದಲ್ಲಿ ಮೋಡ ಇಲ್ಲ. ಮತ್ತೆ..."

ಮುಗಿಯಿತು. ಒಳಗೆ ಹುಡುಕಿದ, ತಳ ಕೆರೆದ. ಒಂದು ಕಾಳೂ ಇರಲಿಲ್ಲ. ಲವೋನ್ ಹಿತ್ತಲ ನಟ್ಟನಡುವೆ, ಎತ್ತಿದ ಕಾಲನ್ನು ಇಡಲೋ ಬೇಡವೋ ಎನ್ನುವಂತೆ ನಿಂತಿದ್ದಳು. ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆರ್ವಿಡ್?" ಎಂದಳು. "ಎಲ್ಲಿದ್ದೀಯ?"

"ಇದ್ದೀನಿ," ಎಂದ ಆರ್ವಿಡ್.

ಅವಳು ಮುಖ ತಿರುಗಿಸಿದಳು. ಅವನ ಕಡೆಗಲ್ಲ, ಕೊಂಚ ಎಡಕ್ಕೆ, ಕಡಿದ ಮರದ ಬುಡ ಉಳಿದಿದ್ದ ಕಡೆಗೆ.

"ಇದ್ದೀನಿ," ಎಂದ ಮತ್ತೆ. ಬೇರೆ ಮಾತು ಅವನ ಬಳಿ ಇರಲಿಲ್ಲ. "ಇಲ್ಲಿದ್ದೀನಿ. ಇದ್ದೀನಿ, ಇದ್ದೀನಿ, ಇಲ್ಲೇ ಇದ್ದೀನಿ..."